ನುಂಗಲು ಕಷ್ಟಪಡುವ ಹಸುಗೂಸಿಗೆ ಹಾಲೂಡಿಸುವ ಬಗೆ

ಹುಟ್ಟಿದ ಕೂಸು ಸರಿಯಾಗಿ ಹಾಲು ಕುಡಿಯುತ್ತಿಲ್ಲವೆಂದರೆ ಮನೆಯಲ್ಲಿ ಮೊದಲು ಏಳುವ ಮಾತು ಬಾಣಂತಿಗೆ ಹಾಲು ಸಾಲುತ್ತಿಲ್ಲ ಎಂಬುದು. ಅದರ ಬೆನ್ನಿಗೇ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ) ಹಾಕುವ ಸಿದ್ಧತೆ ನಡೆಯುತ್ತದೆ. ತಾಯಿಯಲ್ಲಿ ಹಾಲು ಧಾರಾಳವಾಗಿದ್ದು, ಮಗುವಿಗೆ ಹಸಿವೂ ಇದ್ದು, ಆ ಹಾಲನ್ನು ಚೀಪಿ ನುಂಗಿ ಹೊಟ್ಟೆಗಿಳಿಸುವ ಶಕ್ತಿ ಮಾತ್ರ ಮಗುವಿಗೆ ಇಲ್ಲದಿರಬಹುದು ಎಂಬುದು ಬಹಳ ಮನೆಗಳಲ್ಲಿ ಯಾರಿಗೂ ಹೊಳೆಯುವುದಿಲ್ಲ. ಅಂಥ ಮಕ್ಕಳನ್ನು ಸಾಕುತ್ತಿರುವ ತಾಯಿತಂದೆಯರಿಗೂ ಬಾಣಂತನ ಮಾಡುವ ಹಿರಿಯರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಇಂಥ ಮಗುವಿನ ವಿಷಯದಲ್ಲಿ ಹಾಲು ಎಷ್ಟು ಹೋಯಿತು ಎಂದು ಅಳೆಯುವುದಕ್ಕಿಂತ ಮೊದಲು, ಅದು ಹೊಟ್ಟೆಗೇ ಹೋಯಿತೇ ಅಥವಾ ಉಸಿರಿನ ದಾರಿಗೆ ಇಳಿಯಿತೇ ಎಂಬುದನ್ನು ನೋಡಬೇಕು. ಮುಂದೆ ಹೇಳುವ ಎಲ್ಲ ಕ್ರಮಗಳೂ ಇದನ್ನೇ ಆಧರಿಸಿವೆ.

ಗಂಟಲಿನಲ್ಲಿ ಗಾಳಿಯೂ ಹಾಲೂ ಒಂದೇ ಜಾಗವನ್ನು ದಾಟಿ ಹೋಗುತ್ತವೆ. ನುಂಗುವ ಕ್ಷಣದಲ್ಲಿ ಮಗು ಉಸಿರನ್ನು ತಡೆಹಿಡಿಯುತ್ತದೆ, ಉಸಿರುನಾಳದ ಬಾಯಿ ಮುಚ್ಚಿಕೊಳ್ಳುತ್ತದೆ, ಹಾಲು ಹಿಂದಿನ ಅನ್ನನಾಳಕ್ಕೆ ಜಾರುತ್ತದೆ, ಆಮೇಲೆ ಉಸಿರು ಮತ್ತೆ ಆರಂಭವಾಗುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಒಂದರ ಹಿಂದೊಂದು ತಪ್ಪದೆ ನಡೆಯುವ ಹೊಂದಾಣಿಕೆ ಸಾಮಾನ್ಯವಾಗಿ ಗರ್ಭದ 34ನೆಯ ವಾರದ ಹೊತ್ತಿಗೆ ಬರುತ್ತದೆ. ಆದ್ದರಿಂದಲೇ ಅದಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ನೇರವಾಗಿ ಮೊಲೆಯುಣಿಸಿದರೆ ಸಾಕಾಗುವುದಿಲ್ಲ. 32ರಿಂದ 34 ವಾರದವರಿಗೆ ಒಳಲೆ ಅಥವಾ ಚಮಚದಿಂದಲೂ, ಅದಕ್ಕಿಂತ ಚಿಕ್ಕವರಿಗೆ ನಳಿಕೆಯ ಮೂಲಕವೂ ತಾಯಿಯ ಹಾಲನ್ನೇ ಕೊಡುವುದು ನಮ್ಮ ಆಸ್ಪತ್ರೆಗಳ ರೂಢಿ.

ಅವಧಿ ತುಂಬಿ ಹುಟ್ಟಿದ ಮಕ್ಕಳಲ್ಲೂ ಈ ತೊಂದರೆ ಇರಬಹುದು. ಹೆರಿಗೆಯ ಸಮಯದಲ್ಲಿ ಮಿದುಳಿಗೆ ಆಮ್ಲಜನಕ ಕಡಿಮೆಯಾದವರು, ಡೌನ್ ಸಿಂಡ್ರೋಮ್‌ನಿಂದ ಸ್ನಾಯುಗಳು ಸಡಿಲವಾಗಿರುವವರು, ಸೀಳು ಅಂಗಳವಿರುವವರು (ಬಾಯಿಯೊಳಗಿನ ಮೇಲ್ಭಾಗ, ಅಂದರೆ ಅಂಗುಳ, ಸೀಳಿರುವವರು), ಕೆಳದವಡೆ ತೀರ ಚಿಕ್ಕದಾಗಿ ನಾಲಿಗೆ ಹಿಂದಕ್ಕೆ ಬೀಳುವವರು, ಉಸಿರುಪೆಟ್ಟಿಗೆಯ ಮೃದ್ವಸ್ಥಿ ಮೆತ್ತಗಿದ್ದು ಉಸಿರೆಳೆದಾಗ ಗೊರಗೊರ ಸದ್ದು ಬರುವವರು, ಹೃದಯದಲ್ಲಿ ದೋಷವಿರುವವರು, ಇವರೆಲ್ಲರೂ ಬೇರೆ ಬೇರೆ ಕಾರಣಗಳಿಂದ ಹಾಲು ಕುಡಿಯಲು ಕಷ್ಟಪಡುತ್ತಾರೆ. ಕಾರಣ ಬೇರೆಯಾದರೆ ಉಪಾಯವೂ ಬೇರೆಯಾಗುವುದರಿಂದ, ಪಕ್ಕದ ಮನೆಯ ಮಗುವಿಗೆ ಫಲಿಸಿದ್ದನ್ನು ನಮ್ಮ ಮಗುವಿಗೆ ಪ್ರಯೋಗಿಸುವ ಮೊದಲು ವೈದ್ಯರಿಗೆ ತೋರಿಸಲೇಬೇಕು.

ಗಮನಿಸಬೇಕಾದ ಗುರುತುಗಳು

ಹಾಲು ಕುಡಿಯುವಾಗ ಪದೇ ಪದೇ ಕೆಮ್ಮುವುದು, ನೆತ್ತಿಗೆ ಹತ್ತುವುದು, ಮೂಗಿನಿಂದ ಹಾಲು ಬರುವುದು, ಇವು ಎಲ್ಲರ ಕಣ್ಣಿಗೂ ಬೀಳುತ್ತವೆ. ಅಷ್ಟು ಸುಲಭವಾಗಿ ಕಾಣದ ಗುರುತುಗಳೂ ಇವೆ. ಕುಡಿಯುತ್ತ ಕುಡಿಯುತ್ತ ಮಗುವಿನ ಕಣ್ಣಿನಲ್ಲಿ ನೀರು ತುಂಬಬಹುದು, ಹುಬ್ಬು ಗಂಟಿಕ್ಕಬಹುದು, ಕೈಬೆರಳುಗಳು ಸೆಟೆದು ಅಗಲವಾಗಬಹುದು, ತುಟಿಯ ಸುತ್ತ ನೀಲಿ ಅಥವಾ ಬೂದಿ ಬಣ್ಣ ಮೂಡಬಹುದು. ಕುಡಿದ ಮೇಲೆ ಉಸಿರಿನಲ್ಲಾಗಲಿ ಅಳುವಿನಲ್ಲಾಗಲಿ ಗಂಟಲಲ್ಲಿ ನೀರು ನಿಂತಂಥ ಗುಳುಗುಳು ಸದ್ದು ಕೇಳಿಸಬಹುದು. ಹಣೆ ಬೆವರುತ್ತಿದ್ದರೆ ಹೃದಯವನ್ನು ಪರೀಕ್ಷಿಸಬೇಕು. ಪ್ರತಿ ಸಲವೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹಿಡಿದು, ನಾಲ್ಕು ಗುಟುಕಿಗೆ ದಣಿದು ನಿದ್ದೆಹೋಗುವ ಮಗುವನ್ನು ‘ಸಾಧು ಮಗು, ಗಲಾಟೆಯೇ ಇಲ್ಲ’ ಎಂದು ಹೊಗಳುವುದುಂಟು. ಅದು ನೆಮ್ಮದಿಯ ನಿದ್ದೆಯಲ್ಲ, ಆಯಾಸದ ನಿದ್ದೆ ಇರಬಹುದು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಕೆಮ್ಮದ ಮಗುವಿನ ವಿಷಯದಲ್ಲಿ. ಚಿಕ್ಕ ಶಿಶುಗಳಲ್ಲಿ, ಅದರಲ್ಲೂ ನರಗಳ ತೊಂದರೆ ಇರುವವರಲ್ಲಿ, ಹಾಲು ಉಸಿರುನಾಳಕ್ಕೆ ಇಳಿದರೂ ಕೆಮ್ಮು ಬಾರದೆ ಇರಬಹುದು. ತಿಂಗಳು ತಿಂಗಳೂ ಕಫ, ಜ್ವರ, ನ್ಯುಮೋನಿಯಾ ಎಂದು ಆಸ್ಪತ್ರೆಗೆ ಓಡಾಡುತ್ತಿರುವ ಮಗುವಿನ ಹಾಲೂಡಿಕೆಯನ್ನು ಒಮ್ಮೆ ಪೂರ್ತಿಯಾಗಿ ಕುಳಿತು ನೋಡುವಂತೆ ವೈದ್ಯರನ್ನು ಕೇಳಿಕೊಳ್ಳಿ. ತಾಯಿ ವಿವರಿಸಿ ಹೇಳುವುದಕ್ಕಿಂತ, ಮಗು ಕುಡಿಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದರೆ ಅವರಿಗೆ ಹೆಚ್ಚು ತಿಳಿಯುತ್ತದೆ.

ಮಕ್ಕಳ ವೈದ್ಯರ ಜೊತೆಗೆ ಈ ಕೆಲಸಕ್ಕೆ ಬೇಕಾದವರು ವಾಕ್ ಮತ್ತು ಭಾಷಾ ತಜ್ಞರು. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವವರು ಅವರು ಎಂದಷ್ಟೇ ನಮ್ಮಲ್ಲಿ ತಿಳಿದಿರುವುದರಿಂದ, ಹತ್ತು ದಿನದ ಕೂಸನ್ನು ಅವರ ಬಳಿಗೆ ಯಾರೂ ಒಯ್ಯುವುದಿಲ್ಲ. ತುಟಿ, ನಾಲಿಗೆ, ಗಂಟಲುಗಳ ಚಲನೆಯನ್ನು ಪರೀಕ್ಷಿಸಿ ನುಂಗುವುದನ್ನು ಸರಿಪಡಿಸುವುದೂ ಅವರದೇ ವಿದ್ಯೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದದ್ದು. ಮೈಸೂರು ದೂರವಾದರೆ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಮಟ್ಟದಲ್ಲಿ ನಡೆಯುವ, ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಶೀಘ್ರ ಮಧ್ಯಸ್ಥಿಕೆ ಕೇಂದ್ರವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಅಲ್ಲಿ ತಪಾಸಣೆಗೂ ಚಿಕಿತ್ಸೆಗೂ ಹಣ ಕೊಡಬೇಕಾಗಿಲ್ಲ. ಅಗತ್ಯವೆನಿಸಿದರೆ ದೊಡ್ಡ ಆಸ್ಪತ್ರೆಗಳಲ್ಲಿ, ಹಾಲು ಗಂಟಲಿನಲ್ಲಿ ಇಳಿಯುವುದನ್ನು ಎಕ್ಸ್‌ರೇ ವಿಡಿಯೋದಲ್ಲಿ ನೋಡುವ ಅಥವಾ ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ ಮಾಡುತ್ತಾರೆ.

ಹಿಡಿದುಕೊಳ್ಳುವ ರೀತಿ

ಮಗುವನ್ನು ಮಲಗಿಸಿಯೇ ಹಾಲು ಕುಡಿಸುವುದು ನಮ್ಮ ಅಭ್ಯಾಸ. ನುಂಗಲು ಕಷ್ಟವಿರುವ ಮಗುವಿಗೆ ಅದು ಒಗ್ಗುವುದಿಲ್ಲ. ತಲೆ, ಕತ್ತು, ಬೆನ್ನು ಒಂದೇ ಗೆರೆಯಲ್ಲಿದ್ದು, ದೇಹ ಅರ್ಧಕ್ಕಿಂತ ಹೆಚ್ಚು ನೆಟ್ಟಗಿರುವಂತೆ ತೊಡೆಯ ಮೇಲೆ ಕೂರಿಸಿಕೊಳ್ಳಿ. ಒಂದು ಅಂಗೈ ಮಗುವಿನ ಭುಜಗಳಿಗೂ ಕತ್ತಿನ ಬುಡಕ್ಕೂ ಆಧಾರವಾಗಿರಲಿ. ತಲೆಯ ಹಿಂಭಾಗವನ್ನು ಮುಂದಕ್ಕೆ ದೂಡಬೇಡಿ. ಗಲ್ಲ ಸಹಜ ಸ್ಥಿತಿಯಲ್ಲಿ ಅಥವಾ ತುಸುವೇ ಕೆಳಗೆ ಬಾಗಿರಬೇಕು. ತಲೆ ಹಿಂದಕ್ಕೆ ವಾಲಿದರೆ ಉಸಿರುನಾಳ ಹಾಲಿಗೆ ತೆರೆದುಕೊಳ್ಳುತ್ತದೆ, ಗಲ್ಲ ಎದೆಗೆ ಅಂಟುವಷ್ಟು ಬಾಗಿದರೆ ಉಸಿರಾಟಕ್ಕೇ ಅಡ್ಡಿಯಾಗುತ್ತದೆ. ಕೈಕಾಲುಗಳು ಚೆದುರಿ ಬೀಳದಂತೆ ಮೆತ್ತನೆಯ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಎರಡೂ ಕೈ ಎದೆಯ ಮುಂದೆ ಬರುವಂತೆ ಮಾಡಿದರೆ ಮಗು ಚೀಪುವುದರ ಕಡೆ ಮನಸ್ಸಿಡುತ್ತದೆ. ಅವಧಿಗೆ ಮುನ್ನ ಹುಟ್ಟಿದ ಕೆಲವು ಮಕ್ಕಳಿಗೆ ತಲೆ ಮೇಲಿರುವಂತೆ ಓರೆಯಾಗಿ, ಪಕ್ಕಕ್ಕೆ ಮಲಗಿಸಿಕೊಂಡು ಕುಡಿಸಿದರೆ ಹೆಚ್ಚಾದ ಹಾಲು ಗಂಟಲಿಗೆ ನುಗ್ಗದೆ ಕೆನ್ನೆಯ ಪಕ್ಕದಲ್ಲಿ ಹೊರಗೆ ಜಾರುತ್ತದೆ.

ಮೊಲೆಯುಣಿಸುವುದನ್ನು ವೈದ್ಯರು ಬೇಡವೆನ್ನದಿದ್ದರೆ ಬಿಡಬಾರದು. ಹಾಲು ರಭಸವಾಗಿ ಚಿಮ್ಮುವ ತಾಯಂದಿರು ಮೊದಲ ಧಾರೆಯನ್ನು ಕೈಯಿಂದ ಹಿಂಡಿ ತೆಗೆದು ಆಮೇಲೆ ಕುಡಿಸಿದರೆ, ಅಥವಾ ತಾವು ಹಿಂದಕ್ಕೆ ಒರಗಿ ಮಗುವನ್ನು ಎದೆಯ ಮೇಲೆ ಬೋರಲಾಗಿ ಇಟ್ಟುಕೊಂಡು ಕುಡಿಸಿದರೆ, ಮಗುವಿಗೆ ಉಸಿರು ಸಿಗುತ್ತದೆ. ದವಡೆ ಸಡಿಲವಾಗಿ ಜೋಲುವ ಮಗುವಿಗೆ, ಮೊಲೆಯನ್ನು ಕೆಳಗಿನಿಂದ ಹಿಡಿದ ಕೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದಲೇ ಎರಡೂ ಕೆನ್ನೆಗಳಿಗೆ ಹಗುರವಾಗಿ ಆಧಾರ ಕೊಟ್ಟರೆ ತುಟಿಯ ಹಿಡಿತ ಗಟ್ಟಿಯಾಗುತ್ತದೆ. ಇದನ್ನು ಒಮ್ಮೆ ದಾದಿಯರ ಎದುರಿಗೆ ಮಾಡಿ ಕಲಿಯುವುದು ಒಳ್ಳೆಯದು. ಓದಿ ತಿಳಿದದ್ದು ಕೈಗೆ ಬರುವುದಕ್ಕೆ ಯಾರಾದರೂ ಪಕ್ಕದಲ್ಲಿರಬೇಕು.

ಒಳಲೆಯ ಬಳಕೆ

ಒಳಲೆ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದ ಸಾಧನ. ಉದ್ದನೆಯ ಮೂತಿ ಇರುವ ಈ ಪುಟ್ಟ ಬಟ್ಟಲನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿಯೂ ಬಳಸುತ್ತಾರೆ. ಬಾಟಲಿಗಿಂತ ಇದನ್ನು ತೊಳೆಯುವುದು ಸುಲಭ, ಕುದಿಸುವುದು ಸುಲಭ. ಆದರೆ ಹಿಡಿಯುವ ಕೈಯ ಮೇಲೆ ಎಲ್ಲವೂ ನಿಂತಿದೆ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕಾಲು ಚಾಚಿ ಕುಳಿತು, ಮಗುವನ್ನು ಕಾಲುಗಳ ಮೇಲೆ ಅಂಗಾತ ಮಲಗಿಸಿ, ಬಾಯಿ ತೆರೆಸಿ, ಒಳಲೆಯ ಮೂತಿಯನ್ನು ನಾಲಿಗೆಯ ಮೇಲೆ ಒಳಗಿನವರೆಗೂ ಇಟ್ಟು ಹಾಲನ್ನು ಸುರಿಯುವ ಕ್ರಮ ಇಂದಿಗೂ ಎಷ್ಟೋ ಕಡೆ ಇದೆ. ಮಗು ನುಂಗದಿದ್ದರೆ ಮೂಗು ಒತ್ತಿ ಹಿಡಿಯುವುದೂ ಉಂಟು. ಆರೋಗ್ಯವಂತ ಮಗು ಇದನ್ನು ಹೇಗೋ ತಾಳಿಕೊಂಡೀತು. ನುಂಗಲು ಕಷ್ಟವಿರುವ ಮಗುವಿಗೆ ಇದು ಪ್ರಾಣಾಪಾಯ. ಹಿರಿಯರ ಪ್ರೀತಿಯಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ, ಅವರ ಕೈಯಲ್ಲಿ ಎಷ್ಟೋ ಮಕ್ಕಳು ಬೆಳೆದಿದ್ದಾರೆ. ಆದರೂ ಈ ಒಂದು ಪದ್ಧತಿಯನ್ನು ಬಿಡಲೇಬೇಕೆಂದು ಅವರಿಗೆ ಗೌರವದಿಂದ, ಗಟ್ಟಿಯಾಗಿ ಹೇಳಬೇಕು. ಇದೇ ರೀತಿ ಹರಳೆಣ್ಣೆ ಕುಡಿಸುವುದು, ಎಣ್ಣೆ ಹಚ್ಚಿ ನೀರೆರೆಯುವಾಗ ಮೂಗಿಗೆ ಎಣ್ಣೆಯ ಹನಿ ಬಿಡುವುದು ಸಹ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕೆಮ್ಮನ್ನೂ ತರಿಸದೆ ಅಲ್ಲಿಯೇ ಉಳಿದು ವಿಶಿಷ್ಟ ಬಗೆಯ ನ್ಯುಮೋನಿಯಾ ಉಂಟುಮಾಡುತ್ತದೆ. ಬಜೆ ತೇಯ್ದು ನೆಕ್ಕಿಸುವುದಾಗಲಿ, ಗ್ರೈಪ್ ವಾಟರ್ ಆಗಲಿ, ಜೇನುತುಪ್ಪವಾಗಲಿ ಈ ಮಕ್ಕಳಿಗೆ ಕೊಡತಕ್ಕದ್ದಲ್ಲ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ಯಾವ ಮಗುವಿಗೂ ಬೇಡ.

ಸರಿಯಾದ ಕ್ರಮ ಹೀಗಿದೆ. ಮಗು ಪೂರ್ತಿ ಎಚ್ಚರವಾಗಿರಬೇಕು. ತೂಕಡಿಸುತ್ತಿರುವಾಗಲೂ ಜೋರಾಗಿ ಅಳುತ್ತಿರುವಾಗಲೂ ಹಾಲು ಹಾಕಬಾರದು. ಮೇಲೆ ಹೇಳಿದಂತೆ ನೆಟ್ಟಗೆ ಕೂರಿಸಿಕೊಂಡು, ಗಲ್ಲದ ಕೆಳಗೆ ಬಟ್ಟೆ ಇಟ್ಟು, ಒಳಲೆಯನ್ನು ಅರ್ಧದಷ್ಟು ಮಾತ್ರ ತುಂಬಿಸಿ, ಅದರ ಮೂತಿ ಕೆಳತುಟಿಯ ಮೇಲೆ ಬಾಯಿಯ ಮೂಲೆಗೆ ಹತ್ತಿರವಾಗಿ ತಂಗುವಂತೆ ಹಿಡಿಯಿರಿ. ಹಾಲು ತುಟಿಗೆ ತಾಗುವಷ್ಟು ಮಾತ್ರ ಓರೆ ಮಾಡಿ ಕಾಯಿರಿ. ಮಗು ನಾಲಿಗೆ ಚಾಚಿ ನೆಕ್ಕುತ್ತದೆ ಅಥವಾ ತುಟಿಯಿಂದ ಹೀರುತ್ತದೆ. ಒಂದು ಗುಟುಕು ನುಂಗಿ, ಉಸಿರು ತೆಗೆದುಕೊಂಡು, ಮತ್ತೆ ಬಾಯಿ ತೆರೆಯುವವರೆಗೆ ಎರಡನೆಯ ಗುಟುಕು ಬರಬಾರದು. ನಾಲ್ಕೈದು ಗುಟುಕಾದ ಮೇಲೆ ಮಗು ತಾನಾಗಿ ನಿಲ್ಲಿಸದಿದ್ದರೂ ನೀವೇ ಒಳಲೆಯನ್ನು ಕೆಳಗಿಳಿಸಿ, ಎದೆಯ ಏರಿಳಿತ ಸಮವಾಗುವವರೆಗೆ ತಡೆಯಿರಿ. ಮಗು ಮುಖ ತಿರುಗಿಸಿದರೆ, ತುಟಿ ಬಿಗಿದರೆ, ಹಾಲು ಬಾಯಿಂದ ಹರಿಯತೊಡಗಿದರೆ ಆ ಹೊತ್ತಿಗೆ ಅಷ್ಟು ಸಾಕು. ಇನ್ನೊಂದು ಹತ್ತು ಮಿಲಿಲೀಟರ್ ಉಳಿದಿದೆ ಎಂದು ಒತ್ತಾಯಿಸಬೇಡಿ. ಒತ್ತಾಯಕ್ಕೆ ಸಿಕ್ಕಿದ ಮಗು ಒಳಲೆಯನ್ನು ಕಂಡರೇ ಅಳಲು ಕಲಿಯುತ್ತದೆ, ಆ ಭಯವನ್ನು ಬಿಡಿಸುವುದಕ್ಕೆ ತಿಂಗಳುಗಳು ಬೇಕಾಗುತ್ತವೆ. ಮುಗಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಹೆಗಲಿಗೊರಗಿಸಿ ಎತ್ತಿಕೊಂಡು, ಆಮೇಲೆ ಅಂಗಾತ ಮಲಗಿಸಿ.

ಬಾಟಲಿಯಲ್ಲಿಯೇ ಕೊಡಬೇಕೆಂದು ತಜ್ಞರು ಹೇಳಿದ್ದರೂ ಇದೇ ಗತಿಯನ್ನು ಪಾಲಿಸಬೇಕು. ನಿಧಾನವಾಗಿ ಹರಿಯುವ ತೊಟ್ಟನ್ನು ಆರಿಸಿ, ಬಾಟಲಿಯನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಬೇಗ ಮುಗಿಯಲೆಂದು ತೊಟ್ಟಿನ ರಂಧ್ರವನ್ನು ಸೂಜಿಯಿಂದ ದೊಡ್ಡದು ಮಾಡುವುದು ಅಪಾಯಕರ. ಗಟ್ಟಿಯಾದರೆ ನುಂಗಲು ಸುಲಭವಾದೀತೆಂದು ಹಾಲಿಗೆ ಅಕ್ಕಿಹಿಟ್ಟನ್ನೋ ರಾಗಿಹಿಟ್ಟನ್ನೋ ಅಂಗಡಿಯ ಪುಡಿಯನ್ನೋ ತಾವಾಗಿ ಬೆರೆಸುವುದೂ ಸಲ್ಲದು. ಕೆಲವು ಮಕ್ಕಳಿಗೆ ಗಟ್ಟಿ ಹಾಲು ನಿಜವಾಗಿಯೂ ಸಹಾಯ ಮಾಡುತ್ತದೆ, ಆದರೆ ಯಾರಿಗೆ, ಯಾವುದರಿಂದ, ಎಷ್ಟು ಗಟ್ಟಿ ಎಂಬುದನ್ನು ಪರೀಕ್ಷೆಯ ನಂತರ ನಿರ್ಧರಿಸಬೇಕು, ಮತ್ತು ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಕರುಳಿಗೆ ಕೆಲವು ಪುಡಿಗಳು ಹಾನಿಕರ.

ಸೀಳು ಅಂಗಳದ ಮಗು

ತುಟಿ ಮಾತ್ರ ಸೀಳಿರುವ ಮಗು ಸಾಮಾನ್ಯವಾಗಿ ಮೊಲೆ ಕುಡಿಯಬಲ್ಲದು, ಸೀಳಿದ ಜಾಗವನ್ನು ಮೊಲೆಯೇ ಮುಚ್ಚಿಕೊಳ್ಳುತ್ತದೆ. ಅಂಗಳ ಸೀಳಿದ್ದರೆ ಬಾಯಿಗೂ ಮೂಗಿಗೂ ನಡುವೆ ಗೋಡೆ ಇಲ್ಲದ್ದರಿಂದ ಹೀರುವ ಸೆಳೆತ ಹುಟ್ಟುವುದಿಲ್ಲ. ಮಗು ಒಂದು ಗಂಟೆ ಮೊಲೆಯಲ್ಲಿದ್ದರೂ ಹೊಟ್ಟೆಗೆ ಇಳಿದದ್ದು ಸ್ವಲ್ಪವೇ ಆಗಿರುತ್ತದೆ. ಅಂಥ ಮಗುವಿಗೆ ತಾಯಿ ಹಾಲನ್ನು ಹಿಂಡಿ ತೆಗೆದು ಒಳಲೆಯಿಂದಲೋ ಮೆಲ್ಲಗೆ ಅದುಮಬಹುದಾದ ವಿಶೇಷ ಬಾಟಲಿಯಿಂದಲೋ ಕೊಡಬೇಕು. ಸಾಕಷ್ಟು ನೆಟ್ಟಗೆ ಕೂರಿಸಬೇಕು, ಗಾಳಿ ಹೆಚ್ಚು ನುಂಗುವುದರಿಂದ ನಡುನಡುವೆ ತೇಗಿಸಬೇಕು. ಮೂಗಿಗೆ ಹಾಲು ಬಂದರೆ ಗಾಬರಿ ಬೇಡ, ನಿಲ್ಲಿಸಿ ಒರೆಸಿ ಮುಂದುವರಿಸಬಹುದು. ಅಂಗಳ ಮೇಲ್ನೋಟಕ್ಕೆ ಸರಿಯಿದ್ದೂ ಒಳಗಿನ ಸ್ನಾಯು ಸೀಳಿರುವ ಮಕ್ಕಳಿರುತ್ತಾರೆ, ಆದ್ದರಿಂದ ಮೂಗಿನಿಂದ ಪದೇ ಪದೇ ಹಾಲು ಬರುವ ಪ್ರತಿ ಮಗುವಿನ ಅಂಗಳವನ್ನೂ ದೀಪ ಹಿಡಿದು, ಬೆರಳಿನಿಂದ ಮುಟ್ಟಿ ಪರೀಕ್ಷಿಸಬೇಕಾಗುತ್ತದೆ.

ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳ ನಡುವೆ, ಅಂಗಳದ್ದು 9ರಿಂದ 18 ತಿಂಗಳ ನಡುವೆ ನಡೆಯುತ್ತದೆ. ಮಗುವಿನ ತೂಕವೂ ರಕ್ತವೂ ಸಾಕಷ್ಟಿಲ್ಲದಿದ್ದರೆ ಅರಿವಳಿಕೆ ಕೊಡುವಂತಿಲ್ಲ, ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ಈಗಿನ ಒಂದೊಂದು ಗುಟುಕೂ ಆ ದಿನಕ್ಕಾಗಿ ಎಂದು ತಿಳಿಯಬೇಕು. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಳು, ಏನನ್ನೋ ಕತ್ತರಿಸಿದಳು, ಅದಕ್ಕೇ ತುಟಿ ಸೀಳಿತು ಎಂದು ತಾಯಿಯನ್ನು ದೂರುವ ಮನೆಗಳು ಇನ್ನೂ ಇವೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ತುಟಿ ಮತ್ತು ಅಂಗಳ ಕೂಡಿಕೊಳ್ಳುವುದು ಗರ್ಭದ ಮೊದಲ ಮೂರು ತಿಂಗಳ ಒಳಗೆ. ಅನೇಕ ವೇಳೆ ಬಸಿರು ಖಚಿತವಾಗುವ ಹೊತ್ತಿಗೇ ತುಟಿ ರೂಪುಗೊಂಡಿರುತ್ತದೆ. ಹಗಲು ರಾತ್ರಿ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಮಗುವನ್ನು ಉಳಿಸಿಕೊಳ್ಳುತ್ತಿರುವ ತಾಯಿಯ ಎದುರು ಆ ಮಾತು ಬರಲೇಬಾರದು.

ಹಿಂಡಿದ ಹಾಲಿನ ವಿಷಯದಲ್ಲಿ ಎರಡು ಮಾತು: ಕೋಣೆಯ ಉಷ್ಣತೆಯಲ್ಲಿ ಅದನ್ನು ನಾಲ್ಕು ಗಂಟೆಗಿಂತ ಹೆಚ್ಚು ಇಡಬೇಡಿ, ರಾಯಚೂರು ಕಲಬುರಗಿಯ ಬೇಸಗೆಯಲ್ಲಿ ಅಷ್ಟೂ ಇಡಬೇಡಿ. ಒಲೆಯ ಮೇಲೆ ಕುದಿಸದೆ, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ.

ನಳಿಕೆಯೊಂದಿಗೆ ಮನೆಗೆ ಬಂದಾಗ

ಮೂಗಿನ ಅಥವಾ ಬಾಯಿಯ ಮೂಲಕ ಹೊಟ್ಟೆಗೆ ಇಳಿಸಿದ ನಳಿಕೆಯೊಂದಿಗೆ ಮಗುವನ್ನು ಮನೆಗೆ ಕಳುಹಿಸಿದರೆ ಅನೇಕರು ಎದೆಗುಂದುತ್ತಾರೆ. ಬಾಯಿಯ ದಾರಿ ಸುರಕ್ಷಿತವಾಗುವವರೆಗೆ ಮಗು ಸೊರಗದಂತೆ ಕಾಯುವ ಏರ್ಪಾಡು ಅದು. ಪ್ರತಿ ಸಲ ಹಾಲು ಬಿಡುವ ಮೊದಲು ನಳಿಕೆಯ ಗುರುತು ಮೂಗಿನ ಬಳಿ ಅದೇ ಜಾಗದಲ್ಲಿದೆಯೇ, ಅಂಟುಪಟ್ಟಿ ಸಡಿಲವಾಗಿದೆಯೇ ಎಂದು ನೋಡಿ, ಆಸ್ಪತ್ರೆಯಲ್ಲಿ ಕಲಿಸಿದ ರೀತಿಯಲ್ಲಿ ಅದು ಹೊಟ್ಟೆಯಲ್ಲಿಯೇ ಇದೆಯೆಂದು ಖಚಿತಪಡಿಸಿಕೊಳ್ಳಿ. ಅನುಮಾನ ಬಂದರೆ ಹಾಲು ಬಿಡಬೇಡಿ. ಸಿರಿಂಜಿನ ಹಿಡಿಕೆಯಿಂದ ಒತ್ತದೆ, ಸಿರಿಂಜನ್ನು ಎತ್ತರಕ್ಕೆ ಹಿಡಿದು ಹಾಲು ತಾನಾಗಿ ಇಳಿಯಲು ಬಿಡಿ. ಆ ಹೊತ್ತಿನಲ್ಲಿ ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇರಿಸಿ, ತಜ್ಞರು ಒಪ್ಪಿದರೆ ಹಾಲು ಹಿಂಡಿ ಬರಿದು ಮಾಡಿದ ಮೊಲೆಯನ್ನೋ ಶುಭ್ರವಾದ ಬೆರಳನ್ನೋ ಚೀಪಲು ಕೊಡಿ. ಚೀಪುವುದಕ್ಕೂ ಹೊಟ್ಟೆ ತುಂಬುವುದಕ್ಕೂ ಇರುವ ನಂಟನ್ನು ಮಗು ಮರೆಯದಂತೆ ಇದು ನೋಡಿಕೊಳ್ಳುತ್ತದೆ.

ಸಾಕಾಗುತ್ತಿದೆಯೇ ಎಂದು ತಿಳಿಯುವುದು ತೂಕದಿಂದ. ಮೊದಲ ದಿನಗಳಲ್ಲಿ ಇಳಿದ ತೂಕ ಎರಡು ವಾರದೊಳಗೆ ಮರಳಬೇಕು, ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು, 24 ಗಂಟೆಯಲ್ಲಿ ಆರು ಸಲವಾದರೂ ಮೂತ್ರ ಮಾಡಬೇಕು. ಒಂದು ವಾರ ಕಳೆದ ಮಗುವಿಗೆ ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 150 ಮಿಲಿಲೀಟರ್ ಹಾಲು ಬೇಕೆಂದು ಲೆಕ್ಕ ಹಾಕುತ್ತಾರೆ, 2.4 ಕಿಲೋ ತೂಗುವ ಮಗುವಿಗೆ ಅದು 360 ಮಿಲಿಲೀಟರ್, ಎರಡು ಗಂಟೆಗೊಮ್ಮೆ ಕೊಟ್ಟರೆ ಸಲಕ್ಕೆ 30. ನಿಮ್ಮ ಮಗುವಿನ ಲೆಕ್ಕವನ್ನು ವೈದ್ಯರೇ ಬರೆದುಕೊಡಲಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬರಬೇಕಾದವರು. ಅವರಿಂದ ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಉಸಿರು ಕಟ್ಟಿದರೆ

ಮಗು ಕೆಮ್ಮುತ್ತಿದ್ದರೆ ಹಾಲು ನಿಲ್ಲಿಸಿ, ಪಕ್ಕಕ್ಕೆ ಹೊರಳಿಸಿ ತಲೆ ತುಸು ತಗ್ಗಿಸಿ, ಕೆಮ್ಮಲು ಬಿಡಿ. ನೆತ್ತಿ ತಟ್ಟುವುದರಿಂದ ಉಪಯೋಗವಿಲ್ಲ, ಬಾಯಿಗೆ ಬೆರಳು ಹಾಕಿ ತಡಕುವುದು ಬೇಡ. ಅಳಲೂ ಕೆಮ್ಮಲೂ ಆಗದೆ ಬಣ್ಣ ಬದಲಾದರೆ ಮುಂದೋಳಿನ ಮೇಲೆ ಬೋರಲಾಗಿ, ತಲೆ ಕೆಳಗಿರುವಂತೆ ಮಲಗಿಸಿ, ಭುಜದೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ತಟ್ಟಿ. ತೆರವಾಗದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುಭಾಗವನ್ನು ಮೊಲೆತೊಟ್ಟಿನ ಗೆರೆಯ ಸ್ವಲ್ಪ ಕೆಳಗೆ ಐದು ಸಲ ಒತ್ತಿ. ಇವೆರಡನ್ನೂ ಸರದಿಯಂತೆ ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಪ್ರಜ್ಞೆ ತಪ್ಪಿದ ಮಗುವಿಗೆ ಮಾಡಬೇಕಾದ ಉಸಿರು ಮತ್ತು ಎದೆಯೊತ್ತಡದ ಕ್ರಮವನ್ನು ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಬೊಂಬೆಯ ಮೇಲೆ ಕಲಿಸಿಕೊಡಿ ಎಂದು ಕೇಳಿ. ಎರಡು ತಿಂಗಳೊಳಗಿನ ಮಗು ಸುಮ್ಮನಿರುವಾಗಲೂ ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಪಕ್ಕೆಗಳು ಒಳಗೆ ಸೆಳೆಯುತ್ತಿದ್ದರೆ, ಬಾಯಿಗೆ ಏನೂ ಹಾಕದೆ ಕೂಡಲೆ ಆಸ್ಪತ್ರೆಗೆ ಒಯ್ಯಿರಿ. ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಚಿಕಿತ್ಸೆಯೂ ವಾಹನವೂ ಉಚಿತ.

ಅನ್ನಪ್ರಾಶನದ ಕಾಲ ಬಂದಾಗ ಪಂಚಾಂಗದ ತಿಂಗಳಿಗಿಂತ ಮಗುವಿನ ಕತ್ತನ್ನು ನೋಡಿ. ಅವಧಿಗೆ ಮುನ್ನ ಹುಟ್ಟಿದವರಿಗೆ ಆ ವಾರಗಳನ್ನು ಕಳೆದು ಎಣಿಸಬೇಕು, ಕತ್ತು ನಿಂತು ಆಧಾರದೊಡನೆ ಕೂರುವಂತಾಗಿರಬೇಕು. ಸೋಸಿದ ರಾಗಿಯ ಸರಿ ಗಂಟಿಲ್ಲದೆ ನುಣುಪಾಗಿದ್ದು, ಚಮಚ ಓರೆ ಮಾಡಿದರೆ ಜಾರದಷ್ಟು ಗಟ್ಟಿಯಾಗಿರಲಿ. ಚಮಚದ ಬುಡದಿಂದ ನಾಲಿಗೆಯ ನಡುವೆ ಹಗುರವಾಗಿ ಒತ್ತಿ, ತುಟಿ ಮುಚ್ಚಿದ ಮೇಲೆ ನೇರವಾಗಿ ಹೊರತೆಗೆಯಿರಿ. ಮೇಲಿನ ಒಸಡಿಗೆ ಒರೆಸಬೇಡಿ. ಎಲ್ಲಕ್ಕಿಂತ ಕಷ್ಟದ ಆಹಾರ ತೆಳ್ಳನೆಯ ಸಾರಿನಲ್ಲಿ ತೇಲುವ ಅನ್ನದ ಅಗುಳು, ಏಕೆಂದರೆ ನೀರಿಗೂ ಗಟ್ಟಿಗೂ ಗಂಟಲು ಏಕಕಾಲಕ್ಕೆ ಸಿದ್ಧವಾಗಬೇಕು. ಹಾಗಾಗಿ ಅನ್ನವನ್ನು ಬೇಳೆಯೊಂದಿಗೆ ಪೂರ್ತಿ ಮಸೆದು ಒಂದೇ ಹದಕ್ಕೆ ತನ್ನಿ. ಕಡಲೆಕಾಯಿ ಬೀಜ, ಇಡಿಯ ದ್ರಾಕ್ಷಿ, ಮಂಡಕ್ಕಿ ಬಹಳ ಕಾಲ ದೂರವಿರಲಿ.

ಮನೆ ತುಂಬ ಜನರಿದ್ದರೆ ಎಲ್ಲರೂ ಒಂದೊಂದು ಸಲ ಹಾಲು ಹಾಕಲು ಬಯಸುತ್ತಾರೆ. ಮೊದಲ ತಿಂಗಳುಗಳಲ್ಲಿ ತಾಯಿಯ ಜೊತೆಗೆ ಇನ್ನೊಬ್ಬರು, ತಂದೆಯೋ ಅಜ್ಜಿಯೋ, ತಜ್ಞರ ಎದುರು ಕಲಿತು ಅವರಿಬ್ಬರೇ ಈ ಕೆಲಸ ಮಾಡಲಿ. ಉಳಿದವರು ಒಳಲೆ ಕುದಿಸುವುದು, ಬಟ್ಟೆ ಒಗೆಯುವುದು, ಬಾಣಂತಿಗೆ ಎರಡು ಗಂಟೆ ನಿದ್ದೆ ಸಿಗುವಂತೆ ನೋಡಿಕೊಳ್ಳುವುದು, ಪ್ರತಿ ಸಲದ ಹೊತ್ತು, ಅಳತೆ, ಕೆಮ್ಮು, ಬಣ್ಣ ಇವನ್ನು ಪುಸ್ತಕದಲ್ಲಿ ಬರೆದಿಡುವುದು ಮಾಡಬಹುದು. ಆ ಪುಸ್ತಕವನ್ನು ಮುಂದಿನ ತಪಾಸಣೆಗೆ ತಪ್ಪದೆ ಒಯ್ಯಿರಿ. ನಳಿಕೆಯನ್ನು ಯಾವಾಗ ತೆಗೆಯಬಹುದು, ಒಳಲೆಯಿಂದ ಮೊಲೆಗೆ ಯಾವಾಗ ದಾಟಬಹುದು ಎಂಬುದನ್ನು ತಜ್ಞರು ತೀರ್ಮಾನಿಸಲು ಅದು ನೆರವಾಗುತ್ತದೆ.